ಅಟ್ಟ ಹತ್ತಿದ ಎಮ್ಮೆಯ ಕಥೆಯನ್ನು ಬಾಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ, ಚಿತ್ರ ಹಾಕಿ ಪುಸ್ತಕ ಮಾಡಿದರೆ ನಗಲ್ಲ ಅಂದಿರಲ್ಲ, ಅದಕ್ಕೆ

ಜೋಕು ಮೊದಲೇ ಕಣ್ಣಿಗೆ ಬೀಳುತ್ತಿದೆ ಅಂತ ಕಾಣುತ್ತೆ. ನೀವೇ ಬರೆದಿರುವಂತೆ, ಎಡಪುಟದಲ್ಲಿ ‘ಅಟ್ಟದ ಮೇಲೆ ಏನೋ ಸದ್ದು’, ಬಲಪುಟದಲ್ಲೇ ಎಮ್ಮೆ. ಮಗು ಮೊದಲು ನೋಡುವುದು ಚಿತ್ರ. ನೀವು ಸಾಲು ಓದಿ ಮುಗಿಸುವಷ್ಟರಲ್ಲಿ ಎಮ್ಮೆ ಹಳೆಯದಾಗಿರುತ್ತೆ.

ಮೊದಲು 8 ಎ4 ಹಾಳೆ ಅರ್ಧಕ್ಕೆ ಮಡಚಿ, ಒಂದರೊಳಗೊಂದು ಸೇರಿಸಿ ಪಿನ್ ಹೊಡೆಯಿರಿ. 32 ಪುಟದ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಆಯಿತು. ಪೆನ್ಸಿಲಲ್ಲಿ ಸುಮ್ನೆ ಗೀಚಿ, ಬಣ್ಣ ಬೇಡ. (ಬಣ್ಣ ಹಾಕಿದ ಪುಟವನ್ನು ಕಿತ್ತುಹಾಕಲು ಮನಸ್ಸೇ ಬರಲ್ಲ.) ಸದ್ದು ಬಲಪುಟದ ಕೊನೆಗೆ ಬರಲಿ, ಎಮ್ಮೆ ಪುಟ ತಿರುಗಿಸಿದ ಮೇಲೆ.

ಆಮೇಲೆ ಚಿತ್ರದಲ್ಲಿ ಕಾಣುವುದನ್ನು ಮತ್ತೆ ಹೇಳುವ ಸಾಲುಗಳನ್ನೆಲ್ಲ ಹೊಡೆದುಹಾಕಿ. ‘ಎಮ್ಮೆ ಅಟ್ಟ ಹತ್ತಿತ್ತು’ ಬೇಡ. ‘ಇಲ್ಲಿ ಯಾರೂ ಇಲ್ಲ ಅಂದಳು ಅಜ್ಜಿ’ ಅಂತ ಬರೆಯಿರಿ. ಚಿತ್ರದಲ್ಲಿ ಅಜ್ಜಿಯ ಹಿಂದೆ ಇಡೀ ಎಮ್ಮೆ, ಬಾಯಲ್ಲಿ ಅವಳದೇ ಸೆರಗು. ಅಜ್ಜಿಗೆ ಗೊತ್ತಿಲ್ಲ, ಮಗುವಿಗೆ ಗೊತ್ತು. ನಗು ಬರೋದು ಅಲ್ಲೇ ಅಲ್ವಾ?

ಡಮ್ಮಿಯನ್ನು ಈ ಕಥೆ ಇನ್ನೂ ಕೇಳಿರದ ಮಗುವಿಗೆ ಓದಿ, ನಿಮ್ಮ ಮಕ್ಕಳಿಗೆ ಬಾಯಿಪಾಠ ಆಗಿರುತ್ತೆ. ಆಗಲೂ ನಗದಿದ್ದರೆ ಎಮ್ಮೆಯ ಮುಖದಲ್ಲೇ ತೊಂದರೆ ಇರಬಹುದು, ನೋಡದೆ ಹೇಳಲಾರೆ. ಆ ಎರಡು ಪುಟದ ಫೋಟೊ ಹಾಕಿ.