ದಾಸವಾಳದ ಕಡ್ಡಿ ಒಯ್ಯಬೇಡಿ ಅಕ್ಕಾ

ಪುಣೆಯ ಕೊಥ್ರೂಡಿನ ಅಕ್ಕಾ, ಗಿಡ ಬೆಳೆಸೋರ ಪರಿಚಯ ಆಗಲಿ ಅಂತ ಭಾನುವಾರದ ಸಸಿ ವಿನಿಮಯಕ್ಕೆ 20 ದಾಸವಾಳದ ಕಡ್ಡಿ ಒಯ್ತೀನಿ, ತುದಿ ಸ್ವಲ್ಪ ಮುರುಟಿದೆ, ಅಕ್ಟೋಬರ್ ಬಿಸಿಲಿಗೆ ಇರಬೇಕು ಅಂತ ಬರೆದಿದ್ದೀರಿ. ಫೋಟೊ ದೊಡ್ಡದು ಮಾಡಿ ನೋಡಿದೆ. ಬಿಸಿಲಲ್ಲ. ಮುರುಟಿದ ಎಲೆ ಬಿಡಿಸಿ ನೋಡಿ, ಒಳಗೆ ಹತ್ತಿ ಅಂಟಿದ ಹಾಗಿರುತ್ತೆ. ಕಾಂಡದ ಮೇಲೆ ಇರುವೆ ಸಾಲು ಫೋಟೊದಲ್ಲೇ ಕಾಣ್ತಿದೆ. ಇದು ಹಿಟ್ಟು ತಿಗಣೆ, ಗಿಡದ ರಸ ಹೀರುವ ಪುಟ್ಟ ಬಿಳಿ ಹುಳು. ದಯವಿಟ್ಟು ಒಂದು ಕಡ್ಡಿಯನ್ನೂ ಕೊಡಬೇಡಿ.

ನಾನು ಪುಣೆಗೆ ಬಂದ ಎರಡನೇ ವರ್ಷ ಇದನ್ನೇ ಮಾಡಿದ್ದೆ. ಹತ್ತಿರದ ಒಬ್ಬ ಆಜಿಯ ಗಚ್ಚಿಯಲ್ಲಿ ಎಂಟು ಹತ್ತು ಜನ ಸೇರ್ತಿದ್ದರು. ನನಗೆ ಮರಾಠಿ ಬರ್ತಿರಲಿಲ್ಲ. ಬರಿಗೈಯಲ್ಲಿ ಹೋಗೋದು ಹೇಗೆ ಅಂತ ಒದ್ದೆ ಪೇಪರಲ್ಲಿ ಕಡ್ಡಿ ಸುತ್ತಿ ಒಯ್ದು ಎಲ್ಲರಿಗೂ ಹಂಚಿದೆ. ಎರಡು ತಿಂಗಳಾದ ಮೇಲೆ ಆಜಿ ಕರೆಸಿದರು. ಗಣಪತಿಗೆ ದಿನಾ ಹೂ ಕೊಯ್ಯುವ ಅವರ ಹಳೇ ಕೆಂಪು ಜಾಸ್ವಂದ, ಅಂದರೆ ದಾಸವಾಳ, ಮೊಗ್ಗು ಮೊಗ್ಗಿಗೂ ಬಿಳಿ ಹಿಟ್ಟು. ಬೈಯಲಿಲ್ಲ. ಒಂದು ಹಳೇ ಟೂತ್‌ಬ್ರಷ್ ನನ್ನ ಕೈಗಿಟ್ಟು ಇನ್ನೊಂದು ತಾವು ಹಿಡಿದರು. ನಾಲ್ಕು ಭಾನುವಾರ ಕೂತು ಉಜ್ಜಿದೆವು. ಗಿಡ ಉಳೀತು, ಆಜಿಯ ಜೊತೆ ಮಾತೂ ಬೆಳೀತು. ಆದರೆ ಆ ಗುಂಪಿನ ಇಬ್ಬರು ಇವತ್ತಿಗೂ ನನ್ನ ಕೈಯಿಂದ ಗಿಡ ತಗೊಳ್ಳಲ್ಲ.

ಈಗ ಮುರುಟಿದ ತುದಿ ಎಲ್ಲಾ ಕತ್ತರಿಸಿ ಕವರಲ್ಲಿ ಕಟ್ಟಿ ಎಸೀರಿ. ಕಾಂಪೋಸ್ಟ್‌ಗೆ ಮಾತ್ರ ಬೇಡ. ಕತ್ತರಿ ಫಾಲ್ಕನ್ ಕಂಪನಿದು ತಗೊಳ್ಳಿ, ನನ್ನದು ಇನ್ನೂ ಹರಿತ ಇದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟಲ್ಲಿ ಒರೆಸಿ. ಅಂಟುವಾಳದ ನೀರಿಗೆ 5 ಎಂಎಲ್ ಬೇವಿನೆಣ್ಣೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಒಂದು ಲೀಟರ್‌ಗೆ ನೀರು ತುಂಬಿ. ಹೊತ್ತು ಇಳಿದ ಮೇಲೆಯೇ ಹೊಡೀರಿ, ವಾರಕ್ಕೊಮ್ಮೆ, ಮೂರು ಸಲ. ಮಧ್ಯಾಹ್ನ ಹೊಡೆದರೆ ಎಲೆ ಸುಡುತ್ತೆ. ಪಿಪಿಎಂ, ಅಂದರೆ ಬೇವಿನ ಸತ್ವ ಎಷ್ಟಿದೆ ಅನ್ನೋ ಅಂಕೆ, ಬರೆದಿರದ 'ಆರ್ಗ್ಯಾನಿಕ್' ಬೇವಿನೆಣ್ಣೆ ಬಾಟಲಿಗೆ ದುಡ್ಡು ಹಾಕಬೇಡಿ, ಎಷ್ಟು ಸಲ ಹೇಳೋದು! 10000 ಪಿಪಿಎಂದು ಸಿಕ್ಕರೆ 2-3 ಎಂಎಲ್ ಸಾಕು. ಇರುವೆ ಓಡಿಸದೆ ಏನು ಹೊಡೆದರೂ ದಂಡ, ಅವೇ ತಿಗಣೆ ಕಾಯೋದು. ಒಂದು ಎಚ್ಚರ: ತಿಗಣೆ ನಡುವೆ ಬಿಳಿ ಜಡೆ ಜಡೆಯ ದೊಡ್ಡ ಹುಳು ಚುರುಕಾಗಿ ಓಡಾಡ್ತಿದ್ದರೆ ಅದು ಗುಲಗಂಜಿ ಹುಳುವಿನ ಮರಿ, ತಿಗಣೆ ತಿನ್ನುತ್ತೆ. ಆ ಗಿಡಕ್ಕೆ ಏನೂ ಹೊಡೀಬೇಡಿ.

ಭಾನುವಾರಕ್ಕೆ ಬಸಳೆ ಒಯ್ಯಿರಿ. ಮೂರು ಗಿಣ್ಣಿನ ಕಡ್ಡಿ ಸಾಕು, ಚೀಟಿ ಮೇಲೆ 'ಮಾಯಾಳೂ' ಅಂತ ಬರೀರಿ. ಬಸಳೆ ಅಂದರೆ ಇಲ್ಲಿ ಯಾರಿಗೂ ತಿಳಿಯಲ್ಲ. ದೊಡ್ಡಪತ್ರೆಗೂ ಹಾಗೇ, ಓವ್ಯಾಚಂ ಪಾನ ಅನ್ನಿ, ಕೈ ಚಾಚ್ತಾರೆ. ಅವರು ಕೊಟ್ಟದ್ದನ್ನೂ ಮೂರು ವಾರ ಬೇರೆ ಮೂಲೆಯಲ್ಲಿಡಿ, ಯಾರೇ ಕೊಟ್ಟಿರಲಿ.

ಜನವರಿಯಲ್ಲಿ ಗಣರಾಜ್ಯೋತ್ಸವದ ಹೊತ್ತಿಗೆ ಎಂಪ್ರೆಸ್ ಗಾರ್ಡನ್ ಪುಷ್ಪ ಪ್ರದರ್ಶನಕ್ಕೂ ಬನ್ನಿ. ರಜೆ ದಿನ ಕಾಲಿಡೋಕೆ ಜಾಗ ಇರಲ್ಲ, ಬೇರೆ ದಿನ ಬೆಳಿಗ್ಗೆ ಬಂದರೆ ಕುಂಡ ಇಟ್ಟವರನ್ನ ನಿಲ್ಲಿಸಿ ಮಾತಾಡಬಹುದು. ಮೊದಲೇ ಗಿಡ ಕೇಳಬೇಡಿ, ಮಣ್ಣಿಗೆ ಏನು ಹಾಕ್ತೀರಿ ಅಂತ ಕೇಳಿ. ಅರ್ಧ ಗಂಟೆ ಹೇಳ್ತಾರೆ.

ಕೆಂಪು ದಂಟಿನ ಬಸಳೆ ಇದ್ದರೆ ನನಗೂ ಎರಡು ಕಡ್ಡಿ ಎತ್ತಿಡಿ.