ರೆಸಿನ್ ಡಬ್ಬಿ ಬಿಡಿ, ಮೊದಲು ಹಾರ್ಡನರ್ ನೋಡಿ

ಈ ಸಲ ಬಂದ ಪ್ರಶ್ನೆಗಳೆಲ್ಲ ಅಂಟಂಟು, ಎಲ್ಲ ಎಪಾಕ್ಸಿಯವು! ಎಪಾಕ್ಸಿ ಅಂದರೆ ರೆಸಿನ್, ಹಾರ್ಡನರ್ ಅನ್ನುವ ಎರಡನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು. ಕಾರಣ ಗೊತ್ತೇ ಇದೆ. ಗೋವಾದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ದೋಣಿಗಳು ದಡ ಹತ್ತಿದವು ಅಂದರೆ ನನ್ನ ಶೆಡ್ಡಿನ ಮುಂದೆ ಜನ ಬಂದು ನಿಲ್ಲುತ್ತಾರೆ. ಜೊತೆಗೆ ಪುಣೆಯಿಂದ ಒಂದು ಟೇಬಲ್ಲಿನ ಗೋಳು, ಮುಂಬೈ ಕಡೆಯಿಂದ ಒಂದು ಟ್ಯೂಬಿನ ಪ್ರಶ್ನೆ ಬಂದಿದೆ.

ಪ್ರಶ್ನೆ: ಸರ್, ನಾವು ಅಂಕೋಲಾ ಕಡೆಯವರು, ಈಗ ವಾಸ್ಕೋದಲ್ಲಿದ್ದೇವೆ. ನಮ್ಮದು 22 ಅಡಿ ಫೈಬರ್ ದೋಣಿ. ಮರಳಿನ ಮೇಲೆ ಎಳೆದು ಎಳೆದು ತಳದಲ್ಲಿ ಒಂದೂವರೆ ಅಡಿ ಬಿರುಕು ಬಿಟ್ಟಿದೆ, ನೀರು ಒಸರುತ್ತದೆ. ಫೈಬರ್ ಕೆಲಸದವನು ‘ಮಾಮೂಲಿ ರೆಸಿನ್, ಗ್ಲಾಸ್ ನೂಲಿನ ಮ್ಯಾಟ್ ಸಾಕು’ ಅನ್ನುತ್ತಾನೆ. ಮಗ ಎಪಾಕ್ಸಿಯೇ ಬೇಕು ಅನ್ನುತ್ತಾನೆ. ಅಂಗಡಿಯವರು 5 ಕೆಜಿ ತಗೊಳ್ಳಿ ಅಂದರು, ರೇಟು ಕೇಳಿ ಸುಮ್ನೆ ವಾಪಸ್ ಬಂದೆ.

ಉತ್ತರ: ವಾಪಸ್ ಬಂದದ್ದು ಒಳ್ಳೆಯದೇ ಆಯಿತು. ನಿಮಗೆ 5 ಕೆಜಿ ಬೇಡವೇ ಬೇಡ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಇಲ್ಲಿನ ದೋಣಿ ಕೆಲಸದವರು ಬರೀ ‘ರೆಸಿನ್’ ಅಂದರೆ ಅದು ಪಾಲಿಯೆಸ್ಟರ್. ಮೂಗಿಗೆ ಹೊಡೆಯುವ ವಾಸನೆ ಅದರಲ್ಲಿರುವ ಸ್ಟೈರೀನ್ ಅನ್ನುವ ದ್ರವದ್ದು. ರೆಸಿನ್ ಜೊತೆ ಕೊಡುವ ಎರಡನೇ ಬಾಟಲಿ ನೋಡಿದರೂ ಗೊತ್ತಾಗುತ್ತದೆ. ಅದು ಚಿಕ್ಕದಿದ್ದು, ನೂರಕ್ಕೆ ಒಂದೋ ಎರಡೋ ಗ್ರಾಂ ಹಾಕಿ ಅಂತಿದ್ದರೆ ಪಾಲಿಯೆಸ್ಟರ್. ಆ ಬಾಟಲಿಯಲ್ಲಿರುವುದು ಕ್ಯಾಟಲಿಸ್ಟ್, ಬೆಂಕಿಗೆ ಕಡ್ಡಿ ಗೀರಿದ ಹಾಗೆ ಕೆಲಸ ಶುರು ಮಾಡಿಸುತ್ತದೆ ಅಷ್ಟೇ. ಸ್ವಲ್ಪ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ. ಎಪಾಕ್ಸಿಯ ಹಾರ್ಡನರ್ ಹಾಗಲ್ಲ. ಅದೇ ರೆಸಿನ್ ಜೊತೆ ಸೇರಿ ಗಟ್ಟಿಯಾಗುತ್ತದೆ. ಹೆಚ್ಚು ಹಾಕಿದ ಮಾತ್ರಕ್ಕೆ ಬೇಗ ಒಣಗುವುದಿಲ್ಲ, ಕೆಲಸ ಕೆಡುತ್ತದೆ.

ನಿಮ್ಮ ಬಿರುಕು ನೀರಿನ ಮಟ್ಟಕ್ಕಿಂತ ಕೆಳಗಿದೆ, ಆರಪಾರ ಹೋಗಿದೆ. ಗಟ್ಟಿಯಾದ ಹಳೇ ಫೈಬರ್ ಮೇಲೆ ಹೊಸ ಪಾಲಿಯೆಸ್ಟರ್ ಹಿಡಿತ ಕಡಿಮೆ. ಎಪಾಕ್ಸಿ ಚೆನ್ನಾಗಿ ಕಚ್ಚುತ್ತದೆ. ಹಾಗಾಗಿ ಇಲ್ಲಿ ಮಗ ಹೇಳಿದ್ದು ಸರಿ. ಮೇಲಿನ ಬಣ್ಣದ ಪದರ, ಅಂದರೆ ಜೆಲ್‌ಕೋಟ್ ಮಾತ್ರ ಬಿರಿದಿದ್ದರೆ ಕೆಲಸದವನ ಮಾತೇ ಸರಿ ಅಂತಿದ್ದೆ. ಒಂದು ನೆನಪಿರಲಿ. ಎಪಾಕ್ಸಿ ಮೇಲೆ ಮತ್ತೆ ಜೆಲ್‌ಕೋಟ್ ಹಚ್ಚಬೇಡಿ, ಸರಿಯಾಗಿ ಒಣಗದೆ ಸುಲಿದು ಬರುತ್ತದೆ. ಪ್ರೈಮರ್, ಪೇಂಟ್ ಹೊಡೆಯಿರಿ.

ಈಗ ಲೆಕ್ಕ. ತಳ ಸುಮಾರು 6 ಮಿಲಿಮೀಟರ್ ದಪ್ಪ ಅಂದುಕೊಳ್ಳಿ. ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. ಅಂದರೆ ಬಿರುಕಿನ ಎರಡೂ ಕಡೆ 7 ಸೆಂಟಿಮೀಟರ್, ತಟ್ಟೆಯ ಅಂಚಿನ ಹಾಗೆ. ಉದ್ದ 60 ಸೆಂಟಿಮೀಟರ್ ಆಗುತ್ತದೆ. ಆ ತಗ್ಗು ತುಂಬಲು ಗ್ಲಾಸ್ ಬಟ್ಟೆ, ರೆಸಿನ್ ಎರಡೂ ಸೇರಿ ಅರ್ಧ ಕೆಜಿ ಆಸುಪಾಸು. ಕೈಯಲ್ಲಿ ಹಚ್ಚುವಾಗ ಬಟ್ಟೆಯ ತೂಕದಷ್ಟೇ ರೆಸಿನ್ ಕುಡಿಯುತ್ತದೆ. ಒಳಗಿನಿಂದ ಎರಡು ಪದರ, ಬ್ರಷ್ಷಿಗೆ, ಡಬ್ಬಿಗೆ ಅಂಟಿ ಹಾಳಾಗುವುದು ಎಲ್ಲ ಸೇರಿಸಿದರೂ 1 ಕೆಜಿ ಸೆಟ್ ಸಾಕು.

ಮ್ಯಾಟ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಅಂಗಡಿಯ ಮಾಮೂಲಿ ಮ್ಯಾಟಿನಲ್ಲಿ ತುಂಡು ನೂಲುಗಳನ್ನು ಹಿಡಿದಿಡಲು ಒಂದು ಅಂಟು ಹಾಕಿರುತ್ತಾರೆ. ಅದು ಸ್ಟೈರೀನಿನಲ್ಲಿ ಕರಗುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ರಟ್ಟಿನ ಹಾಗೆ ಬಿಗಿಯಾಗಿ ನಿಂತುಬಿಡುತ್ತದೆ. ನೇಯ್ದ ಗ್ಲಾಸ್ ಬಟ್ಟೆ ಕೇಳಿ, ಇಲ್ಲವೇ ಹೊಲಿಗೆ ಹಾಕಿದ ಬೈಆಕ್ಸಿಯಲ್, ಅಂದರೆ ಎರಡು ದಿಕ್ಕಿಗೆ ನೂಲು ಇಟ್ಟ ಬಟ್ಟೆ.

ಇನ್ನು ಯಾವ ಎಪಾಕ್ಸಿ? ನಮ್ಮಲ್ಲಿ ಸುಲಭಕ್ಕೆ ಸಿಗುವುದು ಅರಾಲ್ಡೈಟ್ ಎಲ್‌ವೈ 556 ಜೊತೆ ಎಚ್‌ವೈ 951, ಇಲ್ಲವೇ ಅತುಲ್ ಕಂಪನಿಯ ಲ್ಯಾಪಾಕ್ಸ್ ಎಲ್-12 ಜೊತೆ ಕೆ-6. ಎರಡೂ ಒಳ್ಳೆಯ ರೆಸಿನ್‌ಗಳೇ. ನನ್ನ ತಕರಾರು ಹಾರ್ಡನರ್ ಬಗ್ಗೆ. ತೂಕದಲ್ಲಿ 100ಕ್ಕೆ 10ರಂತೆ ಬೆರೆಸುವ ಈ ಹಾರ್ಡನರ್‌ಗಳು ಚುರುಕು. ಮಳೆಗಾಲದ ಗಾಳಿಯಲ್ಲಿ ಮೇಲ್ಮೈ ಮೇಣ ಸವರಿದ ಹಾಗೆ ಜಿಡ್ಡಾಗುತ್ತದೆ. ಇದಕ್ಕೆ ಬ್ಲಶ್ ಅನ್ನುತ್ತಾರೆ. ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ. ನಿಮ್ಮ ರಿಪೇರಿ ಕಾಲವೇ ಜೂನ್, ಜುಲೈ. ಹಾಗಾಗಿ ‘ಬ್ಲಶ್ ಆಗದ ಹಾರ್ಡನರ್ ಕೊಡಿ’ ಅಂತ ಬಾಯಿಬಿಟ್ಟು ಕೇಳಿ. ಸಿಗದಿದ್ದರೆ ಒಂದು ಪದರ ಇನ್ನೂ ಬೆರಳಿಗೆ ಅಂಟುವಾಗಲೇ ಮುಂದಿನದು ಹಾಕುತ್ತಾ ಹೋಗಿ. ಕೊನೆಗೆ ಗಟ್ಟಿಯಾದ ಮೇಲೆ ಬರೀ ನೀರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಹಾಕಿ ತೊಳೆಯಿರಿ. ತೊಳೆಯದೆ ಉಜ್ಜಿದರೆ ಜಿಡ್ಡು ಒಳಗೇ ಸೇರುತ್ತದೆ.

10ರ ಲೆಕ್ಕದಲ್ಲಿ ಇನ್ನೊಂದು ಅಪಾಯ ಇದೆ. 50 ಗ್ರಾಂ ರೆಸಿನ್‌ಗೆ ಬೇಕಾಗುವುದು 5 ಗ್ರಾಂ ಹಾರ್ಡನರ್. ಒಂದೇ ಗ್ರಾಂ ತಪ್ಪಿದರೆ ನೂರಕ್ಕೆ ಇಪ್ಪತ್ತರಷ್ಟು ತಪ್ಪು! ಮುಚ್ಚಳದಲ್ಲಿ ಅಳೆಯುವ ಕೆಲಸ ಇದಲ್ಲ. 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ತಗೊಳ್ಳಿ. ನನ್ನನ್ನು ಕೇಳಿದರೆ ಬ್ರಾಂಡಿಗಿಂತ ತಕ್ಕಡಿ ಮುಖ್ಯ.

ಹಚ್ಚುವ ಮೊದಲು ಸಿಹಿನೀರಲ್ಲಿ ಉಪ್ಪು ತೊಳೆದು ಒಣಗಿಸಿ. ಒಣಗಿತಾ ಅಂತ ನೋಡಲು ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಇನ್ನೂ ಕಾಯಬೇಕು.

ನಾಳೆ ಪಾಲಿಯೆಸ್ಟರ್ ಕೆಲಸ ಮಾಡಿದರೂ ಒಂದು ಮಾತು ನೆನಪಿಡಿ. ಕೋಬಾಲ್ಟ್ (ರೆಸಿನ್ ಚುರುಕಾಗಲು ಹಾಕುವ ದ್ರವ) ಮತ್ತು ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಬೆರೆಸಬೇಡಿ. ಸಿಡಿಯುತ್ತದೆ. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ, ಐಟಿ ಕೆಲಸ, ಬಡಗಿ ಕೆಲಸ ಹವ್ಯಾಸ. ಮಾವಿನ ಹಲಗೆ ಎರಡು ಸೀಳಿ ನಡುವೆ ನೀಲಿ ರೆಸಿನ್ ಸುರಿದು ಟೀಪಾಯಿ ಮಾಡಲು ಹೊರಟೆ. 4 ಸೆಂಟಿಮೀಟರ್ ಆಳ. ‘ಟೇಬಲ್ ಟಾಪ್’ ರೆಸಿನ್ 3 ಕೆಜಿ ಒಂದೇ ಸಲ ಸುರಿದೆ. ಅರ್ಧ ಗಂಟೆಯಲ್ಲಿ ಹೊಗೆ! ಮಧ್ಯೆ ಬಿರುಕು, ಹಳದಿ. ಒಂದು ಮೂಲೆ ಮಾತ್ರ ವಾರವಾದರೂ ಅಂಟು. ಉಳಿಸಬಹುದಾ?

ಉತ್ತರ: ನಡುವಿನ ಭಾಗ ಹೋಯಿತು. ಗರಗಸದಲ್ಲಿ ಕೊಯ್ದು ತೆಗೆಯಿರಿ, ಹಲಗೆ ಉಳಿಯುತ್ತದೆ.

ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ತೆಳ್ಳಗೆ ಹರಡಿದರೆ ಶಾಖ ಹೊರಗೆ ಹೋಗುತ್ತದೆ. ಒಂದೇ ಕಡೆ ತುಂಬಿದರೆ ಒಳಗೇ ಕುದಿಯುತ್ತದೆ, ಕುದಿದಷ್ಟೂ ಇನ್ನೂ ಬೇಗ ಗಟ್ಟಿಯಾಗುತ್ತದೆ. ಹತ್ತು ಡಿಗ್ರಿ ಸೆಖೆ ಏರಿದರೆ ಕೆಲಸಕ್ಕೆ ಸಿಗುವ ಸಮಯ ಹತ್ತಿರತ್ತಿರ ಅರ್ಧ ಆಗುತ್ತದೆ. ಡಬ್ಬಿಯ ಮೇಲೆ ಬರೆಯುವ ಸಮಯ ಸಾಮಾನ್ಯವಾಗಿ 25 ಡಿಗ್ರಿಗೆ, 100 ಗ್ರಾಂಗೆ. ಪುಣೆಯ ಮೇ ತಿಂಗಳು, 3 ಕೆಜಿ, ಇನ್ನೇನು ಹೇಳಲಿ. ನಾನೂ ಹೊಸತರಲ್ಲಿ ಊಟಕ್ಕೆ ಹೋಗುವಾಗ ಅರ್ಧ ಕೆಜಿ ಕಲಸಿ ಮಗ್ಗಿನಲ್ಲಿ ಬಿಟ್ಟು ಹೋಗಿದ್ದೆ. ಬಂದಾಗ ಮಗ್ಗು ಕರಗಿ ಬೆಂಚಿಗೆ ಮೆತ್ತಿಕೊಂಡಿತ್ತು. ಈಗ ಕಲಸಿದ ಕೂಡಲೇ ಅಗಲ ಟ್ರೇಗೆ ಸುರಿದುಬಿಡುತ್ತೇನೆ.

ಟೇಬಲ್ ಟಾಪ್ ರೆಸಿನ್ ಇರುವುದು ಮೇಲೆ ಗಾಜಿನ ಹಾಗೆ ತೆಳುವಾಗಿ ಹರಡಲು. ಆಳಕ್ಕೆ ಕಾಸ್ಟಿಂಗ್ ರೆಸಿನ್ ಬೇಕು. ಅದು ತೆಳ್ಳಗೆ ಹರಿಯುತ್ತದೆ, ದಿನಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ, ಗುಳ್ಳೆಗಳಿಗೂ ಹೊರಬರಲು ಸಮಯ ಸಿಗುತ್ತದೆ. ಕೊಳ್ಳುವಾಗ ಬಣ್ಣ ನೋಡಬೇಡಿ, ಜಾಹೀರಾತಿನ ಫೋಟೊ ನೋಡಬೇಡಿ. ಒಂದು ಸಲಕ್ಕೆ ಎಷ್ಟು ಆಳ ಸುರಿಯಬಹುದು ಅಂತ ಬರೆದಿದೆಯಾ, ಅದನ್ನು ನೋಡಿ. ಬರೆದಿಲ್ಲವಾದರೆ ಆ ಡಬ್ಬಿ ಬೇಡ.

ಅಂಟು ಮೂಲೆಗೆ ಕಾರಣ ಎರಡು ಇರಬಹುದು. ಡಬ್ಬಿಯ ಗೋಡೆಗೆ ಅಂಟಿದ್ದು ಕಲೆಯದೆ ಉಳಿದು, ಕೊನೆಯಲ್ಲಿ ಕೆರೆದು ಸುರಿದದ್ದು ಆ ಮೂಲೆಗೆ ಬಿದ್ದಿರಬೇಕು. ಕಲಸಿದ್ದನ್ನು ಇನ್ನೊಂದು ಡಬ್ಬಿಗೆ ಸುರಿದು ಮತ್ತೆ ಕಲಸಿದರೆ ಈ ಕಾಟ ಇಲ್ಲ. ಎರಡನೆಯದು, ಡಬ್ಬಿಯ ಮೇಲೆ 2:1, ಅಂದರೆ ರೆಸಿನ್ ಎರಡು ಪಾಲು ಹಾರ್ಡನರ್ ಒಂದು ಪಾಲು ಅಂತ ಬರೆದಿದ್ದರೆ, ಅದು ಲೀಟರ್ ಅಳತೆಯ ಲೆಕ್ಕವೋ ತೂಕದ್ದೋ ನೋಡಿದಿರಾ? ಲೀಟರ್ ರೆಸಿನ್ ಸುಮಾರು 1.15 ಕೆಜಿ ತೂಗುತ್ತದೆ, ಹಾರ್ಡನರ್ ಅದಕ್ಕಿಂತ ಹಗುರ. ಅಳತೆಯ ಲೆಕ್ಕವನ್ನು ತಕ್ಕಡಿಯಲ್ಲಿ ತೂಗಿದರೆ ಹಾರ್ಡನರ್ ಜಾಸ್ತಿ ಆಗುತ್ತದೆ. ಏನೇ ಇರಲಿ, ವಾರದ ಮೇಲೂ ಅಂಟುತ್ತಿದ್ದರೆ ಇನ್ನು ಒಣಗುವುದಿಲ್ಲ. ಮೇಲೆ ಹಾರ್ಡನರ್ ಸವರಿದರೂ ಪ್ರಯೋಜನ ಇಲ್ಲ. ಕೆರೆದು, ಅಸಿಟೋನ್ ಬಟ್ಟೆಯಲ್ಲಿ ಒರೆಸಿ.

ಹೊಸದಾಗಿ ಸುರಿಯುವ ಮೊದಲು ಹಲಗೆಯ ತೇವ ನೋಡಿ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ ತಂದದ್ದಾದರೂ ‘ಒಣಗಿದೆ’ ಅನ್ನುವ ಮಾತನ್ನು ನಂಬದೆ ಮಾಯಿಶ್ಚರ್ ಮೀಟರ್ ಚುಚ್ಚಿ. ನೂರಕ್ಕೆ 12ಕ್ಕಿಂತ ಕೆಳಗಿರಲಿ. ತೊಗಟೆ ಪೂರ್ತಿ ಕೆತ್ತಿ, ಅಂಚಿಗೆ ಮೊದಲು ತೆಳ್ಳಗೆ ಒಂದು ಕೈ ರೆಸಿನ್ ಹಚ್ಚಿಬಿಡಿ. ಇಲ್ಲದಿದ್ದರೆ ಮರದ ಗಾಳಿಯೆಲ್ಲ ಗುಳ್ಳೆಯಾಗಿ ಮೇಲೆ ಬರುತ್ತದೆ. ಟೀಪಾಯಿಯನ್ನು ಕಿಟಕಿ ಬಿಸಿಲಿಗೆ ಇಡಬೇಡಿ, ಎಂಥ ಎಪಾಕ್ಸಿಯಾದರೂ ಬಿಸಿಲಿಗೆ ಹಳದಿಯಾಗುತ್ತದೆ.

ಪ್ರಶ್ನೆ: ಡೊಂಬಿವಲಿಯಿಂದ. ಮನೆಯಲ್ಲಿ ಅರಾಲ್ಡೈಟ್ ಟ್ಯೂಬ್, ಎಂ-ಸೀಲ್ ಎರಡೂ ಇದೆ. ತೇಗದ ಕುರ್ಚಿಯ ಕಾಲು ಕೂಡಿಸಲು ಬೇರೆ ರೆಸಿನ್ ಬೇಕೇ? ಹೋದ ಸಲ ಕೈ ತುರಿಸಿ ಕೆಂಪಾಗಿತ್ತು.

ಉತ್ತರ: ಬೇಡ. ಎರಡೂ ಎಪಾಕ್ಸಿ ಮನೆತನದವೇ. ಎಂ-ಸೀಲ್ ಸಂದು ತುಂಬಲು, ನಿಮಗೆ ಟ್ಯೂಬ್ ಸಾಕು. ಐದು ನಿಮಿಷದ್ದಲ್ಲ, ನಿಧಾನದ್ದು ತಗೊಳ್ಳಿ. ತೇಗದಲ್ಲಿ ಎಣ್ಣೆ ಇರುತ್ತದೆ, ಅಂಟಿಸುವ ಸ್ವಲ್ಪ ಮೊದಲು ಅಸಿಟೋನ್ ಹಾಕಿ ಒರೆಸಿ. ಜೋರಾಗಿ ಬಿಗಿಯಬೇಡಿ, ಅಂಟೆಲ್ಲ ಹೊರಬಂದು ಸಂದು ಬರಿದಾಗುತ್ತದೆ.

ತುರಿಕೆಯನ್ನು ಹಗುರವಾಗಿ ತಗೊಳ್ಳಬೇಡಿ. ಎಪಾಕ್ಸಿಗೆ ಒಮ್ಮೆ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಹೋಗುವುದಿಲ್ಲ. ನೈಟ್ರೈಲ್ ಗ್ಲೌಸ್ ಹಾಕಿ. ಕೈಗೆ ಹತ್ತಿದ್ದನ್ನು ಥಿನ್ನರ್‌ನಲ್ಲಿ ತೊಳೆಯಬೇಡಿ, ಅದು ಚರ್ಮದೊಳಗೆ ಇನ್ನಷ್ಟು ಇಳಿಸುತ್ತದೆ. ಸೋಪು, ನೀರು ಸಾಕು. ಮತ್ತೆ ತುರಿಸಿದರೆ ಕೆಲಸ ಬೇರೆಯವರಿಗೆ ಕೊಡಿ, ನೀವು ಚರ್ಮದ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಕಾರವಾರದವರು ನಾವು, ಮಡಗಾಂವ್‌ನಲ್ಲಿ ಅಂಗಡಿ. ಅಜ್ಜನ ಕಾಲದ ಮರದ ಪಾತಿ ದೋಣಿ ಇದೆ, ಈಗಲೂ ಹೊಳೆಗೆ ಇಳಿಸುತ್ತೇವೆ. ಒಳಗೂ ಹೊರಗೂ ಎಪಾಕ್ಸಿ ಹಚ್ಚಿದರೆ ಶಾಶ್ವತ ಆಗುತ್ತಂತೆ, ಹೌದಾ? ಎಷ್ಟು ಕೆಜಿ ತರಲಿ?

ಉತ್ತರ: ಆ ಮರಕ್ಕೆ ವರ್ಷಾ ವರ್ಷ ಏನು ಸವರುತ್ತಿದ್ದಿರಿ? ಗೇರು ಎಣ್ಣೆಯೋ ಮೀನೆಣ್ಣೆಯೋ ಇರಬೇಕು. ಹತ್ತಾರು ವರ್ಷ ಎಣ್ಣೆ ಕುಡಿದ ಮರವನ್ನು ಎಪಾಕ್ಸಿ ಕಚ್ಚುವುದಿಲ್ಲ. ಒಂದೆರಡು ಕಡೆ ಹಿಡಿದರೂ, ನೀರಿಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಇಡೀ ಮರದ ಮೇಲೆ ಆ ಪದರ ಎಲ್ಲಾದರೂ ಬಿರಿಯುತ್ತದೆ. ಬಿರುಕಿನಲ್ಲಿ ನೀರು ಇಳಿಯುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ, ಮರ ಒಳಗೊಳಗೇ ಕೊಳೆಯುತ್ತದೆ. ಹೊರಗಿನಿಂದ ಮಾತ್ರ ಫಳಫಳ.

ಒಂದು ಕೆಜಿಯನ್ನೂ ತರಬೇಡಿ. ಮಳೆಗೆ ಮೊದಲು ತೊಳೆದು, ನೆರಳಲ್ಲಿ ಒಣಗಿಸಿ, ಅಜ್ಜ ಹಚ್ಚುತ್ತಿದ್ದ ಎಣ್ಣೆಯನ್ನೇ ಹಚ್ಚಿ. ಗೇರು ಎಣ್ಣೆಯಾದರೆ ಅದಕ್ಕೂ ಗ್ಲೌಸ್ ಬೇಕು, ಕೈ ಸುಡುತ್ತದೆ.