ಒಂದೇ ಕಾಲು ಊದಿದ್ದರೆ ನೀವಿಸಬೇಡಿ, ಡಾಪ್ಲರ್ ಮಾಡಿಸಿ

30 ವಾರದ ಬಸುರಿ, ಎರಡು ದಿನದಿಂದ ಎಡಗಾಲು ಮಾತ್ರ ಊದಿದೆ, ಬಿಸಿ ಎಣ್ಣೆ ಹಚ್ಚಿ ನೀವಿಸಿಕೊಳ್ಳಲೇ ಅಂತ ಕೇಳಿದ್ದೀರಿ. ಬೇಡವೇ ಬೇಡ. ಬಸುರಿಯ ಮಾಮೂಲಿ ಬಾವು ಎರಡೂ ಕಾಲಿಗೆ ಬರುತ್ತೆ, ರಾತ್ರಿ ಮಲಗೆದ್ದರೆ ಇಳಿಯುತ್ತೆ. ಒಂದೇ ಕಾಲು, ಅದರಲ್ಲೂ ಎಡಗಾಲು ಅಂದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಡಗಾಲಿನಿಂದ ಮೇಲೇರುವ ಅಭಿಧಮನಿ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ) ಹೊಟ್ಟೆಯೊಳಗೆ ಬಲಗಾಲಿನ ಅಪಧಮನಿಯ (ಹೃದಯದಿಂದ ರಕ್ತ ತರುವ ನಾಳ) ಅಡಿಯಲ್ಲಿ ಹಾಯುತ್ತೆ. ಗರ್ಭದ ಭಾರವೂ ಸೇರಿ ಆ ಅಭಿಧಮನಿ ಅದುಮಿಹೋಗುತ್ತೆ. ನೀವಿದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಟೈಲರ್ ಟೇಪಿದ್ದರೆ ಮಂಡಿಚಿಪ್ಪಿನ ಕೆಳಗಿನ ಮೂಳೆಯುಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡ ಅಳೆಯಿರಿ. 2 ಸೆಂ.ಮೀ. ವ್ಯತ್ಯಾಸ ಬಂದರೆ ಅನುಮಾನ ಗಟ್ಟಿ. ಬರದಿದ್ದರೂ ಇವತ್ತೇ ಆಸ್ಪತ್ರೆಗೆ ಹೋಗಿ ಡಾಪ್ಲರ್ ಸ್ಕ್ಯಾನ್ (ನಾಳಗಳಲ್ಲಿ ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಮಾಡಿಸಿ. ಏಕೆಂದರೆ ಹೆಪ್ಪು ತೊಡೆಸಂದಿಗಿಂತ ಮೇಲಿದ್ದರೆ ಬರೀ ತೊಡೆಯೋ ಸೊಂಟವೋ ನೋಯಬಹುದು. ಹೆಪ್ಪಿನ ಸುಳಿವು ಹುಡುಕುವ ರಕ್ತಪರೀಕ್ಷೆ ಡಿ-ಡೈಮರ್ ಬಸುರಿಯಲ್ಲಿ ಹೇಗೂ ಏರಿರುತ್ತೆ, ಅದೊಂದನ್ನೇ ನೆಚ್ಚಬೇಡಿ.

ಹೆಪ್ಪು ಕಂಡರೆ ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಎನೊಕ್ಸಪರಿನ್ ಚುಚ್ಚುಮದ್ದು: ತೂಕದ ಪ್ರತಿ ಕಿಲೋಗೆ 1 ಮಿ.ಗ್ರಾಂ., ದಿನಕ್ಕೆರಡು ಸಲ. ಇದು ಮಗುವಿಗೆ ದಾಟದು, ಇದೇ ಕೆಲಸದ ವಾರ್ಫರಿನ್ ಮಾತ್ರೆ ದಾಟುತ್ತೆ. ಹೆರಿಗೆಯಾದ ಮೇಲೂ ಕನಿಷ್ಠ 6 ವಾರ ಮುಂದುವರಿಸುತ್ತಾರೆ. ಬೆನ್ನಿಗೆ ಅರಿವಳಿಕೆ ಕೊಡಬೇಕಾದರೆ ಕೊನೆಯ ಡೋಸಿನಿಂದ 24 ಗಂಟೆ ಕಳೆದಿರಬೇಕು, ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ.

ಏದುಸಿರು, ಎದೆ ಚುಚ್ಚು, ಕೆಮ್ಮಿನಲ್ಲಿ ರಕ್ತ ಕಂಡರೆ ಸ್ಕ್ಯಾನಿಗೆ ಕಾಯದೆ 108ಕ್ಕೆ ಕರೆ ಮಾಡಿ.